ಎರಡು ಪತ್ತೇದಾರಿಗೆ ಒಂದು ಹಳೇ ಕಾದಂಬರಿ: ಕೊಡಗಿನಲ್ಲಿ ಒಂದು ವರ್ಷ ಓದುವ ಬಗೆ

ಈ ವರ್ಷ ಚೆನ್ನಾಗಿ ಓದಬೇಕು ಅಂತ ಜನವರಿ ಒಂದಕ್ಕೆ ಶುರು ಮಾಡಬೇಡಿ. ಕೊಡಗಿನಲ್ಲಂತೂ ಬೇಡವೇ ಬೇಡ. ಆಗ ಕಾಫಿ ಕುಯ್ಲಿನ ಹೊತ್ತು, ಕಣದ ತುಂಬ ಹಣ್ಣು, ಸಂಜೆ ಯಾರು ಎಷ್ಟು ಕಿಲೋ ಕುಯ್ದರು ಎಂದು ಬರೆದು ಮುಗಿಸುವಷ್ಟರಲ್ಲಿ ಕಣ್ಣು ಎಳೆಯುತ್ತಿರುತ್ತದೆ. ಮೂರು ಜನವರಿ ನಾನು ಹೀಗೇ ಹಾಳು ಮಾಡಿದ್ದೇನೆ. ಪ್ರತಿ ಸಲವೂ ನಲವತ್ತನೇ ಪುಟಕ್ಕೆ ಗಾಡಿ ನಿಂತಿದೆ.

ಜೂನ್‌ನಲ್ಲಿ ಶುರು ಮಾಡಿ. ಮಳೆ ಹಿಡಿದು, ಕರೆಂಟು ಹೋಗಿ, ಟಿವಿ ಸತ್ತು, ಮೊಬೈಲ್ ಟವರ್ ಕೂಡ ಮಲಗಿದ ಮೇಲೆ ಮನೆಯಲ್ಲಿ ಮಾಡುವುದಕ್ಕೆ ಏನಿರುತ್ತೆ ಹೇಳಿ? ಒಂದು ಎಮರ್ಜೆನ್ಸಿ ಲೈಟು, ಒಂದು ಲೋಟ ಬೆಲ್ಲದ ಕಾಫಿ, ಒಂದು ಕೊಲೆ. ಅಷ್ಟು ಸಾಕು.

ನನ್ನ ನಿಯಮ ಒಂದೇ. ಎರಡು ಪತ್ತೇದಾರಿ ಓದಿದ ಮೇಲೆ ಒಂದು ಹಳೇ ಕಾದಂಬರಿ. ಇದು ಎಡವಿ ಎಡವಿ ಕಲಿತದ್ದು. ಒಂದು ಮಳೆಗಾಲದಲ್ಲಿ ಅಗಾಥಾ ಕ್ರಿಸ್ಟಿಯ ಹನ್ನೊಂದು ಪುಸ್ತಕ ಒಂದರ ಹಿಂದೆ ಒಂದು ಓದಿದೆ. ಏಳನೆಯದಕ್ಕೆ ಬರುವಾಗ ರುಚಿಯೇ ಹೋಗಿತ್ತು. ಯಾರು ಎಲ್ಲರಿಗಿಂತ ಜಾಸ್ತಿ ಒಳ್ಳೆಯವರೋ ಅವರ ಮೇಲೆ ಅನುಮಾನ ಪಟ್ಟು ಸುಮ್ನೆ ಪುಟ ತಿರುವುತ್ತಿದ್ದೆ. ಮರುವರ್ಷ ಬುದ್ಧಿ ಬಂದವಳ ಹಾಗೆ ಬರೀ ಹಳೇ ಕಾದಂಬರಿ ಹಿಡಿದೆ. ಮೂರೂ ಅರ್ಧಕ್ಕೇ ನಿಂತವು. ಎರಡನ್ನೂ ಬೆರೆಸಿದ ಮೇಲೆ ಒಂದು ವಿಷಯ ಗಮನಕ್ಕೆ ಬಂತು. ಪತ್ತೇದಾರಿ ಓದಿ ಬಂದ ಕಣ್ಣು ಹಳೇ ಕಾದಂಬರಿಯಲ್ಲೂ ಸುಳಿವು ಹುಡುಕುತ್ತೆ. ಇವನು ಯಾಕೆ ಈ ಮಾತು ಹೇಳಿದ, ಆ ಪತ್ರ ಎಲ್ಲಿ ಹೋಯ್ತು, ಈಕೆ ಯಾರ ಮಗಳು. ಹಾಗೆ ಓದಿದರೆ ಮೊದಲ ನೂರು ಪುಟದ ನಿಧಾನವೂ ಬೇಸರ ಅನ್ನಿಸುವುದಿಲ್ಲ.

ಮೊದಲು ಸರಣಿ ಆರಿಸುವುದು. ಎಲ್ಲವನ್ನೂ ಒಂದನೇ ಪುಸ್ತಕದಿಂದಲೇ ಓದಬೇಕು ಎಂಬ ಹಟ ಬೇಡ. ಕ್ರಿಸ್ಟಿಯ ಪತ್ತೇದಾರ ಪೊಯ್ರೋ 1920ರಲ್ಲಿ ಬಂದವನು. 33 ಕಾದಂಬರಿಗಳಿವೆ, ಹೆಚ್ಚುಕಡಿಮೆ ಹೇಗೆ ಬೇಕಾದರೂ ಓದಬಹುದು. ಎರಡೇ ಎಚ್ಚರ. 'ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್' ಅನ್ನು ಮೊದಲಿಗೇ ಎತ್ತಿಕೊಳ್ಳಬೇಡಿ. ನಾಲ್ಕೈದು ಓದಿ ಈ ಆಟದ ನಿಯಮ ಗೊತ್ತಾದ ಮೇಲೆ ಓದಿದರೆ ಅದರ ಪೆಟ್ಟು ಸರಿಯಾಗಿ ಬೀಳುತ್ತೆ. ಯಾಕೆ ಅಂತ ಕೇಳಬೇಡಿ, ಹೇಳಲ್ಲ. ಇನ್ನು 'ಕರ್ಟನ್', ಅದು ಕೊನೆಗೇ ಇರಲಿ. ಕ್ರಿಸ್ಟಿ ಅದನ್ನು ಎರಡನೇ ಮಹಾಯುದ್ಧದ ಹೊತ್ತಲ್ಲೇ ಬರೆದು ಬೀಗ ಹಾಕಿಟ್ಟಿದ್ದರು, ಹೊರಗೆ ಬಂದದ್ದು 1975ರಲ್ಲಿ. ಆಗ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಪೊಯ್ರೋ ತೀರಿಕೊಂಡ ಎಂದು ನಿಜವಾದ ಮನುಷ್ಯ ಹೋದ ಹಾಗೆ ಸುದ್ದಿ ಹಾಕಿತ್ತು. ಅವರೇ ಅಷ್ಟು ವರ್ಷ ಕಾದಿದ್ದಾರಂತೆ, ನೀವು ಒಂದು ವರ್ಷ ಕಾಯಿರಿ.

ಬಂಗಾಳದ ಪತ್ತೇದಾರ ಬ್ಯೋಮಕೇಶ್ ಬಕ್ಷಿ ಬೇರೆ ತರಹ. 1932ರಲ್ಲಿ ಶುರುವಾದ ಈ ಕಥೆಗಳಲ್ಲಿ ಅವನಿಗೆ ಮದುವೆಯಾಗುತ್ತೆ, ವಯಸ್ಸಾಗುತ್ತೆ. ಹಾಗಾಗಿ ಇಲ್ಲಿ ಕ್ರಮ ಬೇಕು. ಇಲ್ಲದಿದ್ದರೆ ಮದುವೆ ಊಟ ಉಂಡ ಮೇಲೆ ಹೆಣ್ಣು ನೋಡಲು ಹೋದ ಹಾಗಾಗುತ್ತೆ.

ಕನ್ನಡದಲ್ಲಿ ಎನ್. ನರಸಿಂಹಯ್ಯ ಅವರ ಪತ್ತೇದಾರರು ಪುರುಷೋತ್ತಮ, ಮಧುಸೂದನ, ಅರಿಂಜಯ ಇದ್ದಾರೆ. ನರಸಿಂಹಯ್ಯ 500ಕ್ಕೂ ಹೆಚ್ಚು ಕಾದಂಬರಿ ಬರೆದವರು. ಅಷ್ಟನ್ನೂ ಓದಲು ಹೊರಡಬೇಡಿ. ಸಿಕ್ಕಿದ್ದನ್ನು ಓದಿ, ಸಿಗುವುದೇ ಕಷ್ಟ ಈಗ. ಮೈಸೂರಿಗೆ ಹೋದಾಗ ಹಳೇ ಪುಸ್ತಕದ ಅಂಗಡಿಗಳಲ್ಲಿ ಕೈಯಾಡಿಸಿ. ನಮ್ಮ ಅಮ್ಮನ ಕಾಲದವರಿಗೆ ಇವರೇ ಕನ್ನಡ ಓದುವ ಚಟ ಹಚ್ಚಿಸಿದ್ದು. ಆಮೇಲೆ ಟಿ.ಕೆ. ರಾಮರಾವ್. 'ಬಂಗಾರದ ಮನುಷ್ಯ' ಬರೆದವರು ಪತ್ತೇದಾರಿಗೂ ಅಷ್ಟೇ ಹೆಸರಾದವರು ಅಂದರೆ ಇವತ್ತಿನ ಹುಡುಗರು ನಂಬುವುದಿಲ್ಲ.

ಪುಸ್ತಕ ಶುರು ಮಾಡುವ ಮೊದಲು ಎರಡು ಚೀಟಿ ಹರಿದಿಟ್ಟುಕೊಳ್ಳಿ. ಒಂದರಲ್ಲಿ ಹೆಸರುಗಳು. ಯಾರು ಯಾರಿಗೆ ಏನಾಗಬೇಕು, ಅಷ್ಟೇ. ಇಂಗ್ಲಿಷ್ ಪುಸ್ತಕದಲ್ಲಿ ಒಬ್ಬನೇ ಮನುಷ್ಯನನ್ನು ಒಂದು ಕಡೆ ಕರ್ನಲ್ ಅಂತಾರೆ, ಇನ್ನೊಂದು ಕಡೆ ಮನೆತನದ ಹೆಸರಲ್ಲಿ ಕರೀತಾರೆ, ಹೆಂಡತಿ ಮತ್ತೊಂದು ಮುದ್ದಿನ ಹೆಸರು ಹಿಡಿದು ಕೂಗ್ತಾಳೆ. ಕೊಡಗಿನವರಿಗೆ ಇದು ಕಷ್ಟ ಆಗಬಾರದು ನೋಡಿ, ನಮ್ಮಲ್ಲೂ ಮನೆತನದ ಹೆಸರು ಮುಂದೆ, ಮನುಷ್ಯನ ಹೆಸರು ಹಿಂದೆ, ಕರೆಯುವ ಹೆಸರು ಮೂರನೆಯದು. ಎರಡನೇ ಚೀಟಿಯಲ್ಲಿ, ಪುಸ್ತಕ ಅರ್ಧ ಆದಾಗ, ಕೊಲೆಗಾರ ಯಾರು ಎಂದು ನಿಮ್ಮ ಊಹೆ ಬರೆದು ಹಿಂದಿನ ರಟ್ಟಿಗೆ ಸಿಕ್ಕಿಸಿ. ಮುಗಿಯುವವರೆಗೆ ಮುಟ್ಟಬೇಡಿ. ಇದು ಚಿಕ್ಕ ಕೆಲಸ, ಆದರೆ ಇದನ್ನು ಮಾಡದಿದ್ದರೆ ಕೊನೆಯಲ್ಲಿ ಎಲ್ಲರೂ "ನನಗೆ ಮೊದಲೇ ಗೊತ್ತಿತ್ತು" ಅನ್ನುವವರೇ.

ನಮ್ಮ ಅತ್ತೆಯನ್ನೂ ಈ ಆಟಕ್ಕೆ ಸೇರಿಸಿಕೊಂಡಿದ್ದೇನೆ. ಅವರು ಇಂಗ್ಲಿಷ್ ಓದುವುದಿಲ್ಲ, ರಾತ್ರಿ ಒಲೆ ಹತ್ತಿರ ಕೂತು ನಾನು ಕಥೆ ಹೇಳಬೇಕು. ಬೆರಳಚ್ಚು, ಸಿಗರೇಟಿನ ಬೂದಿ, ಹತ್ತೂ ಹದಿನೈದರ ರೈಲು ಇದ್ಯಾವುದೂ ಅವರಿಗೆ ಬೇಡ. ಅವರದು ಒಂದೇ ಪ್ರಶ್ನೆ. "ಅದಿರಲಿ, ಮುದುಕ ಸತ್ತ ಮೇಲೆ ತೋಟ ಯಾರಿಗೆ?" ಇಂಗ್ಲೆಂಡಿನಲ್ಲಿ ತೋಟ ಇಲ್ಲ ಅತ್ತೆ, ಬಂಗಲೆ ಅಂದರೆ, "ಬಂಗಲೆ ಯಾರಿಗೆ ಹಾಗಾದರೆ?" ಅಂತಾರೆ. ನಗಬೇಡಿ, ಹತ್ತರಲ್ಲಿ ಆರು ಸಲ ಅವರ ಊಹೆಯೇ ಸರಿ.

ಈಗ ಹಳೇದು. ಜೂನ್ ಕೊನೆಗೆ ವಿಲ್ಕಿ ಕಾಲಿನ್ಸ್‌ನ 'ದಿ ಮೂನ್‌ಸ್ಟೋನ್' ಹಿಡಿಯಿರಿ. ದಪ್ಪ ಇದೆ, ಹೆದರಬೇಡಿ. ಕಾಲಿನ್ಸ್ ತೀರಿಕೊಂಡದ್ದು 1889ರಲ್ಲಿ, ಹಾಗಾಗಿ ಹಕ್ಕಿನ ತಕರಾರಿಲ್ಲ, ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತೆ. ಕರೆಂಟು ಇರುವಾಗಲೇ ಫೋನಿಗೆ ಇಳಿಸಿಟ್ಟುಕೊಳ್ಳಿ. ಈ ಪುಸ್ತಕವನ್ನು ನಾನು ಕೊಡಗಿನವರಿಗೆ ಒತ್ತಿ ಹೇಳುವುದಕ್ಕೆ ಕಾರಣ ಇದೆ. ಇದು ಶುರುವಾಗುವುದೇ ನಮ್ಮ ಪಕ್ಕದ ಶ್ರೀರಂಗಪಟ್ಟಣದಲ್ಲಿ, 1799ರ ಮುತ್ತಿಗೆಯಲ್ಲಿ. ಕೋಟೆ ಬಿದ್ದ ಗಲಾಟೆಯೊಳಗೆ ಒಬ್ಬ ಇಂಗ್ಲಿಷ್ ಅಧಿಕಾರಿ ಹಳದಿ ವಜ್ರವೊಂದನ್ನು ಕದಿಯುತ್ತಾನೆ, ಅದು ಇಂಗ್ಲೆಂಡಿನ ಒಂದು ಮನೆಗೆ ಸೇರಿ, ಹುಡುಗಿಯ ಹುಟ್ಟುಹಬ್ಬದ ರಾತ್ರಿ ಮತ್ತೆ ಕಳುವಾಗುತ್ತೆ. ವಜ್ರದ ಕಥೆ ಕಟ್ಟಿದ್ದು, ಮುತ್ತಿಗೆ ನಿಜ. ಅದೇ ವರ್ಷ ಮಾರ್ಚ್ 6ಕ್ಕೆ ಕೊಡಗಿನ ಗಡಿಯ ಸಿದ್ಧೇಶ್ವರದಲ್ಲಿ ಟಿಪ್ಪುವಿನ ಸೈನ್ಯಕ್ಕೂ ಬ್ರಿಟಿಷರ ಬಾಂಬೆ ಸೈನ್ಯಕ್ಕೂ ಕಾಳಗ ನಡೆದಿತ್ತು, ನಮ್ಮ ಅರಸ ದೊಡ್ಡವೀರರಾಜೇಂದ್ರ ಬ್ರಿಟಿಷರ ಕಡೆ ನಿಂತಿದ್ದ. ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಇಷ್ಟು ತಿಳಿದುಕೊಂಡು ಮೊದಲ ಹತ್ತು ಪುಟ ಓದಿ, ಆಮೇಲೆ ಪುಸ್ತಕ ಪರದೇಶದ್ದು ಅನ್ನಿಸುವುದಿಲ್ಲ.

ಓದುವ ಬಗೆ ಹೇಳುತ್ತೇನೆ. ಇದು 1868ರಲ್ಲಿ, ಜನವರಿಯಿಂದ ಆಗಸ್ಟ್‌ವರೆಗೆ, ಡಿಕನ್ಸ್ ನಡೆಸುತ್ತಿದ್ದ ವಾರಪತ್ರಿಕೆಯಲ್ಲಿ ಕಂತುಗಳಾಗಿ ಬಂದದ್ದು. ನಮ್ಮ 'ಸುಧಾ', 'ತರಂಗ'ದ ಧಾರಾವಾಹಿ ಇದ್ದ ಹಾಗೆ. ಹಾಗಾಗಿ ಒಂದೇ ಉಸಿರಿಗೆ ನುಂಗಬೇಡಿ. ದಿನಕ್ಕೆ ಎರಡು ಅಧ್ಯಾಯ ಸಾಕು. ಮೊದಲು ಕಥೆ ಹೇಳುವವನು ಮನೆಯ ಮುದಿ ನೌಕರ ಬೆಟರೆಜ್. ಏನೇ ತೊಂದರೆ ಬಂದರೂ ಪೈಪು ಹಚ್ಚಿಕೊಂಡು 'ರಾಬಿನ್ಸನ್ ಕ್ರೂಸೊ' ಪುಸ್ತಕ ತೆರೆದು, ಶಾಸ್ತ್ರ ಕೇಳುವವರ ಹಾಗೆ ಅದರಲ್ಲಿ ಉತ್ತರ ಹುಡುಕುತ್ತಾನೆ. ಆಮೇಲೆ ಒಬ್ಬರಾದ ಮೇಲೆ ಒಬ್ಬರು ತಮಗೆ ಕಂಡಷ್ಟನ್ನೇ ಹೇಳುತ್ತಾರೆ. ಮಿಸ್ ಕ್ಲ್ಯಾಕ್ ಎಂಬ ಧರ್ಮಭಕ್ತೆ ಬಂದಾಗ ಕೆಲವರು ಪುಸ್ತಕ ಮುಚ್ಚುತ್ತಾರೆ. ಮುಚ್ಚಬೇಡಿ, ಇಡೀ ಪುಸ್ತಕದಲ್ಲಿ ಜಾಸ್ತಿ ನಗು ಬರುವುದು ಅಲ್ಲೇ. ಅರ್ಥ ಗೊತ್ತಿಲ್ಲದ ಪದಕ್ಕೆಲ್ಲ ನಿಘಂಟು ತೆರೆಯುವುದೂ ಬೇಡ. ಮೂರು ಸಲ ಬಂದ ಪದಕ್ಕೆ ಮಾತ್ರ ನೋಡಿ.

ಜುಲೈ ನಡುವಿಗೆ ನಮ್ಮ ಕಕ್ಕಡ ತಿಂಗಳು ಬಂತೆಂದರೆ ಷರ್ಲಾಕ್ ಹೋಮ್ಸ್‌ನ 'ದಿ ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್'. ಮಂಜು, ಕೆಸರು, ದೂರದಲ್ಲಿ ಎಲ್ಲೋ ನಾಯಿ ಊಳಿಡುವುದು, ಅದಕ್ಕೆ ಬೇಕಾದ್ದೆಲ್ಲ ನಮ್ಮ ಕಿಟಕಿಯ ಹೊರಗೇ ಇರುತ್ತೆ. ನಾನು ಓದಿದ್ದು ಕಕ್ಕಡ ಹದಿನೆಂಟರ ರಾತ್ರಿ, ಆ ದಿನ ಮಾಡುವ ಮದ್ದು ಸೊಪ್ಪಿನ ಪಾಯಸ ತಿಂದು. ಹಿತ್ತಲಲ್ಲಿ ನಮ್ಮದೇ ನಾಯಿ ಬೊಗಳಿದ್ದಕ್ಕೆ ಲೋಟ ಕೆಡವಿದೆ.

ಮಳೆಗಾಲದಲ್ಲಿ ಕಾಗದದ ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತೆ. ಗೋಡೆಗೆ ತಾಗಿಸಿ ಇಡಬೇಡಿ, ಹಿಂದೆ ನಾಲ್ಕು ಬೆರಳು ಜಾಗ ಬಿಡಿ. ಒತ್ತೊತ್ತಾಗಿ ತುರುಕಬೇಡಿ. ಗಾಜಿನ ಬೀರು ನೋಡಲು ಚೆಂದ, ಗಾಳಿ ಆಡದೆ ಒಳಗೆ ಇನ್ನೂ ಜಾಸ್ತಿ ಹಾಳಾಗುತ್ತೆ, ಬಿಸಿಲು ಕಂಡ ದಿನ ಬಾಗಿಲು ತೆಗೆದಿಡಿ. ಬೂಷ್ಟು ಬಂದರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಮೊದಲು ಒಣಗಲಿ, ಆಮೇಲೆ ಹೊರಗೆ ಜಗಲಿಗೆ ತಂದು ಒಣ ಬ್ರಷ್‌ನಲ್ಲಿ ಉಜ್ಜಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು. ಲೈಬ್ರರಿ ಪುಸ್ತಕವಾದರೆ ಇನ್ನೊಂದು ಎಚ್ಚರ, ತರುವ ಮೊದಲೇ ಕೊನೆಯ ಪುಟ ಇದೆಯಾ ನೋಡಿ, ಓದಬೇಡಿ, ನೋಡಿ ಅಷ್ಟೇ. ಒಮ್ಮೆ ನಾನು ತಂದ ಪುಸ್ತಕದಲ್ಲಿ ಕೊನೆಯ ಎಂಟು ಪುಟ ಇರಲಿಲ್ಲ. ಇನ್ನೊಂದರಲ್ಲಿ ಎಲ್ಲ ಇತ್ತು, ಆದರೆ ಹನ್ನೆರಡನೇ ಪುಟದಲ್ಲಿ ಡಾಕ್ಟರ ಹೆಸರಿನ ಕೆಳಗೆ ಯಾರೋ ಪುಣ್ಯಾತ್ಮರು ಪೆನ್ಸಿಲ್‌ನಲ್ಲಿ ಗೆರೆ ಎಳೆದು "ಇವನೇ" ಅಂತ ಬರೆದಿದ್ದರು. ಸಿಟ್ಟಿನಲ್ಲೇ ಪೂರ್ತಿ ಓದಿದೆ. ಅವನಲ್ಲ.

ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬ, ಅಕ್ಟೋಬರಿನ ತುಲಾ ಸಂಕ್ರಮಣದ ನಡುವೆ ಓದು ಕುಂಟುತ್ತೆ, ಕುಂಟಲಿ. ಅದು ಮುಗಿದ ಮೇಲೆ ಸುಗ್ಗಿ ಹಬ್ಬ ಪುತ್ತರಿವರೆಗೆ ಮಾಸ್ತಿಯವರ 'ಚಿಕವೀರ ರಾಜೇಂದ್ರ'. 1956ರದು, 1983ರ ಜ್ಞಾನಪೀಠ ಬಂದದ್ದು ಇದಕ್ಕೆ. 1834ರಲ್ಲಿ ಕೊಡಗು ಬ್ರಿಟಿಷರ ಕೈಗೆ ಹೋಗುವ ಕಥೆ, ಕೊನೆ ಎಲ್ಲರಿಗೂ ಗೊತ್ತಿದ್ದದ್ದೇ. ಆದರೂ ಪತ್ತೇದಾರಿಯ ಹಾಗೆ ಓದಿ ನೋಡಿ. ಕುಂಟ ಬಸವ ಯಾರು, ಭಗವತಿ ಎಲ್ಲಿಂದ ಬಂದಳು, ಈ ಎರಡು ಪ್ರಶ್ನೆ ಚೀಟಿಯಲ್ಲಿ ಬರೆದಿಟ್ಟುಕೊಂಡು ಹೊರಡಿ. ಓದಿದ ಮೇಲೆ ಒಂದು ಭಾನುವಾರ ಕಕ್ಕಬ್ಬೆ ಕಡೆಯ ನಾಲ್ಕುನಾಡು ಅರಮನೆ ನೋಡಿ ಬನ್ನಿ. ರಾಜನ ಮಗಳು ಗೌರಮ್ಮನ ಕಥೆ ಇನ್ನೂ ವಿಚಿತ್ರ. ವಿಕ್ಟೋರಿಯಾ ರಾಣಿಯೇ ಅವಳಿಗೆ ಧರ್ಮತಾಯಿಯಾಗಿ ನಿಂತದ್ದು, 1852ರಲ್ಲಿ. ಗೌರಮ್ಮ 1864ರಲ್ಲಿ ತೀರಿಕೊಂಡ ಮೇಲೆ ಗಂಡ ಕರ್ನಲ್ ಕ್ಯಾಂಪ್‌ಬೆಲ್ ಅವಳ ಒಡವೆಗಳ ಜೊತೆ ಕಾಣೆಯಾದ ಎಂದು ಇವತ್ತಿಗೂ ಹೇಳುತ್ತಾರೆ. ಇದಾಗಿ ನಾಲ್ಕೇ ವರ್ಷಕ್ಕೆ 'ಮೂನ್‌ಸ್ಟೋನ್' ಬಂತು. ಸಂಬಂಧ ಇದೆ ಅಂತ ನಾನು ಹೇಳುತ್ತಿಲ್ಲ, ಆದರೆ ಎರಡನ್ನೂ ಒಂದೇ ವರ್ಷದಲ್ಲಿ ಓದಿದವರಿಗೆ ರಾತ್ರಿ ಸರಿಯಾಗಿ ನಿದ್ದೆ ಬರಲ್ಲ.

ಡಿಸೆಂಬರ್‌ನಿಂದ ಕುಯ್ಲು. ಆಗ ಕಾದಂಬರಿ ಮುಟ್ಟಬೇಡಿ, ಸಣ್ಣ ಕಥೆ ಮಾತ್ರ. 'ದಿ ಅಡ್ವೆಂಚರ್ಸ್ ಆಫ್ ಷರ್ಲಾಕ್ ಹೋಮ್ಸ್'ನಲ್ಲಿ 12 ಕಥೆ, ವಾರಕ್ಕೆ ಒಂದು. ಅದರ ನಂತರದ ಸಂಕಲನದಲ್ಲಿ ಹೋಮ್ಸ್ ಜಲಪಾತಕ್ಕೆ ಬೀಳುವ ಕಥೆ ಬರುತ್ತೆ, ಅದು ಓದಿದ ಮೇಲೆ ಒಂದು ತಿಂಗಳು ಅವನನ್ನು ಬಿಟ್ಟುಬಿಡಿ. 1893ರಲ್ಲಿ ಅದನ್ನು ಓದಿದವರು ಅವನು ಬದುಕಿ ಬರುವುದಕ್ಕೆ 1903ರವರೆಗೆ ಕಾದಿದ್ದರು. ನಡುವೆ ಕೊಡಗಿನ ಗೌರಮ್ಮನವರ ಕಥೆಗಳನ್ನು ಓದಿ. ಇವರು ಅರಸನ ಮಗಳಲ್ಲ, ನಮ್ಮ ಕಥೆಗಾರ್ತಿ, 1939ರಲ್ಲಿ ಇಪ್ಪತ್ತೇಳಕ್ಕೇ ಹೋದವರು.

ಕುಯ್ಲು ಮುಗಿದು, ಕಾಫಿ ಹೂ ಅರಳಿಸುವ ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್. ಪೈಪ್ ಬದಲಿಸಲು ಗಂಟೆಗಟ್ಟಲೆ ಕಾಯಬೇಕಲ್ವಾ, ಆ ಹೊತ್ತಿಗೆ ತೇಜಸ್ವಿಯವರ 'ಜುಗಾರಿ ಕ್ರಾಸ್' ಸರಿಯಾಗಿ ಹೊಂದುತ್ತೆ. ಕಥೆ ನಡೆಯುವುದೇ ಒಂದು ದಿನದ ಒಳಗೆ. ಅದು ಹಿಡಿಸಿದರೆ 'ಚಿದಂಬರ ರಹಸ್ಯ', ಅದರಲ್ಲಿ ಏಲಕ್ಕಿಯೂ ಇದೆ, ಒಂದು ಸಾವಿನ ತನಿಖೆಯೂ ಇದೆ.

ಮೇ ತಿಂಗಳಲ್ಲಿ ಮಳೆ ಹತ್ತಿರ ಬರುವ ಮೊದಲು ಎಲ್ಲ ಪುಸ್ತಕವನ್ನೂ ಹೊರಗೆ ತಂದು ಬಿಸಿಲಿನ ಪಕ್ಕದ ನೆರಳಲ್ಲಿ, ಪುಟ ಬಿಡಿಸಿ, ಅರ್ಧ ದಿನ ಗಾಳಿಗೆ ಇಡಿ. ನೇರ ಬಿಸಿಲು ಬೇಡ, ರಟ್ಟು ಸೊಟ್ಟಗಾಗುತ್ತೆ. ಇಡುವ ಮೊದಲು ಊಹೆಯ ಚೀಟಿಗಳನ್ನು ತೆಗೆದು ಒಂದು ಲಕೋಟೆಗೆ ಹಾಕಿ, ಮೇಲೆ ಪುಸ್ತಕದ ಹೆಸರು ಬರೆಯಿರಿ. ಈ ಸಲ ನಾನು ಮರೆತೆ. ಗಾಳಿ ಬೀಸಿ ಹದಿನಾಲ್ಕು ಚೀಟಿ ಕಣದ ತುಂಬ ಹಾರಿದವು. ಅತ್ತೆ ಸೆರಗು ಸಿಕ್ಕಿಸಿಕೊಂಡು ಎಲ್ಲವನ್ನೂ ಹೆಕ್ಕಿ ತಂದು, ತಮಗೆ ತೋಚಿದ ಪುಸ್ತಕಕ್ಕೆ ಒಂದೊಂದು ಸಿಕ್ಕಿಸಿದ್ದಾರೆ. ಈಗ ಮೂನ್‌ಸ್ಟೋನ್ ಕದ್ದವನು ಕುಂಟ ಬಸವ.