ಬಲೆಗೆ ಬಿದ್ದ ಏಡಿ ಹೊಸ ಜಾತಿಯದೇ? ವಿವರಣೆ ಬರೆಯುವುದು ಹೀಗೆ

ಬೋಟುಗಳು ದಡ ಸೇರಿದ ಹೊತ್ತಿಗೆ ಮಂಜೇಶ್ವರಕ್ಕೆ ಹೋಗಿ, ಕಾಸರಗೋಡಿಗೆ ಹೋಗಿ, ಚೆರ್ವತ್ತೂರಿನ ಮಡಕ್ಕರಕ್ಕೆ ಹೋಗಿ, ಒಂದು ಮೂಲೆಯಲ್ಲಿ ಯಾರೂ ತಿನ್ನದ ಮೀನಿನ ರಾಶಿ ಇದ್ದೇ ಇರುತ್ತದೆ. ಅದು ಮೀನಿನ ಹುಡಿ ಮಾಡಲು ಲಾರಿ ಹತ್ತುವ ಮಾಲು. ಆಳಕ್ಕೆ ಹೋಗಿ ಬಂದ ಬೋಟಾದರೆ ಆ ರಾಶಿಯಲ್ಲಿ ವಿಚಿತ್ರ ಜೀವಿಗಳು ಸಿಗುತ್ತವೆ. "ಮಾಷ್ಟ್ರೇ, ಇಂಥ ಡೆಂಜಿ (ಏಡಿ) ನಾನು ಕಂಡದ್ದೇ ಇಲ್ಲ" ಎಂದು ಮೂವತ್ತು ವರ್ಷ ಕಡಲಿಗೆ ಹೋದ, ಬೋಟು ನಡೆಸುವ ತಂಡೇಲರು ಹೇಳಿದರೆ ನಾನು ಚೀಲ ಕೆಳಗಿಟ್ಟು ಕೂತುಬಿಡುತ್ತೇನೆ. ಅವರ ಕಣ್ಣಿಗೆ ಹೊಸದಾದದ್ದು ವಿಜ್ಞಾನಕ್ಕೂ ಹೊಸದಾಗಿರಬಹುದು. ಆಗಿರದೆಯೂ ಇರಬಹುದು. ಅದನ್ನು ತಿಳಿಯುವ ದಾರಿ ಹೇಗೆ ಎಂದು ನಮ್ಮ ಕಾಲೇಜು ಮಕ್ಕಳು ಜಾಸ್ತಿ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಏಡಿಗಿಂತ ಮೊದಲು ಚೀಟಿ

ಏಡಿಯನ್ನು ಕೈಗೆತ್ತಿಕೊಳ್ಳುವ ಮೊದಲು ತಂಡೇಲರನ್ನು ಮಾತಾಡಿಸಿ. ಬಲೆ ಎಲ್ಲಿ ಬಿಟ್ಟಿರಿ? ಎಷ್ಟು ಆಳ? ಯಾವ ದಿನ? ಬೋಟಿನ ಜಿಪಿಎಸ್‌ನಲ್ಲಿ ಅಕ್ಷಾಂಶ, ರೇಖಾಂಶ ಇರುತ್ತದೆ, ಬರೆದುಕೊಳ್ಳಿ. ಆಳವನ್ನು ನಮ್ಮವರು ಮಾರಿನಲ್ಲಿ ಹೇಳುತ್ತಾರೆ. ಒಂದು ಮಾರು ಅಂದರೆ ಸುಮಾರು 1.8 ಮೀಟರ್. ಇನ್ನೂರು ಮಾರು ಅಂದರೆ 366 ಮೀಟರ್ ಹತ್ತಿರ. ಸಾಮಾನ್ಯವಾಗಿ 200 ಮೀಟರಿನಿಂದ ಕೆಳಗಿನದನ್ನು ಆಳಸಮುದ್ರ ಎನ್ನುತ್ತಾರೆ.

ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಇದನ್ನು ನಾನು ನಷ್ಟಪಟ್ಟು ಕಲಿತೆ. ವರ್ಷಗಳ ಹಿಂದೆ ಒಳ್ಳೆಯದೊಂದು ಏಡಿ ಸಿಕ್ಕಿತ್ತು. ಬಾಲ್ ಪೆನ್ನಿನಲ್ಲಿ ಎಲ್ಲ ಬರೆದು ಚೀಟಿಯನ್ನು ಬಾಟಲಿಯೊಳಗೇ ಹಾಕಿದೆ. ತಿಂಗಳು ಕಳೆದು ನೋಡಿದರೆ ಆಲ್ಕೋಹಾಲ್ ತೆಳು ನೀಲಿ, ಕಾಗದ ಬೆಳ್ಳಗೆ. ಏಡಿ ಈಗಲೂ ನನ್ನ ಬಳಿ ಇದೆ. ಎಲ್ಲಿಂದ ಬಂತು ಎಂಬುದು ಹೋಯಿತು, ಹಾಗಾಗಿ ಅದರಿಂದ ಯಾವ ಕೆಲಸವೂ ಆಗದು. ಪೆನ್ಸಿಲ್ ಗೀಟು ಆಲ್ಕೋಹಾಲಿನಲ್ಲಿ ಕರಗುವುದಿಲ್ಲ.

ಬಣ್ಣ ಹೋಗುವ ಮೊದಲು

ಆಳದ ಏಡಿಗಳಲ್ಲಿ ಕೆಂಪು, ಕಿತ್ತಳೆ ಬಣ್ಣದವು ತುಂಬ. ಕೆಂಪು ಬೆಳಕು ಅಷ್ಟು ಆಳಕ್ಕೆ ಇಳಿಯುವುದಿಲ್ಲ, ಹಾಗಾಗಿ ಅಲ್ಲಿ ಕೆಂಪು ಮೈ ಕಪ್ಪಾಗಿಯೇ ಕಾಣುತ್ತದೆ. ಈ ಬಣ್ಣ ಆಲ್ಕೋಹಾಲಿನಲ್ಲಿ ಉಳಿಯದು. ಹಸಿಯಾಗಿರುವಾಗಲೇ ಫೋಟೋ ತೆಗೆಯಿರಿ: ಮೇಲಿನಿಂದ, ಕೆಳಗಿನಿಂದ, ಎದುರಿನಿಂದ. ಪಕ್ಕದಲ್ಲಿ ಒಂದು ಸ್ಕೇಲ್ ಇರಲಿ.

ಆಮೇಲೆ ಒಂದು ಕಾಲಿನಿಂದ ಚೂರು ಮಾಂಸ ತೆಗೆದು 95 ಶೇಕಡಾ ಎಥನಾಲ್‌ನಲ್ಲಿ ಬೇರೆ ಇಡಿ. ಅದು ಡಿಎನ್‌ಎ ಪರೀಕ್ಷೆಗೆ. ಉಳಿದ ಏಡಿಗೆ 70ರಿಂದ 75 ಶೇಕಡಾ ಸಾಕು. ಫಾರ್ಮಲಿನ್ ಬೇಡ, ಅದು ಡಿಎನ್‌ಎಯನ್ನು ಹಾಳು ಮಾಡುತ್ತದೆ.

ಎಣಿಸಿ, ತಿರುಗಿಸಿ

ಮೊದಲು ಕಾಲು ಎಣಿಸಿ. ನಿಜವಾದ ಏಡಿಗೆ ಒಂದು ಜೊತೆ ಇಕ್ಕುಳ ಕಾಲು, ನಾಲ್ಕು ಜೊತೆ ನಡೆಯುವ ಕಾಲು. ಮೂರೇ ಜೊತೆ ಕಂಡು, ಕೊನೆಯದು ಸಣ್ಣದಾಗಿ ಮಡಚಿಕೊಂಡಿದ್ದರೆ ಅದು ಬೇರೆ ಗುಂಪಿನದು ಇರಬಹುದು. 2005ರಲ್ಲಿ ಶಾಂತಸಾಗರದಲ್ಲಿ ಸುಮಾರು 2,200 ಮೀಟರ್ ಆಳದಲ್ಲಿ ಸಿಕ್ಕಿ ಲೋಕವೆಲ್ಲ ಸುದ್ದಿಯಾದ ರೋಮದ ಕೈಗಳ 'ಯೇತಿ ಏಡಿ' ಕೂಡ ಆ ಗುಂಪಿನದೇ. ಹೆಸರಲ್ಲಿ ಏಡಿ, ಲೆಕ್ಕದಲ್ಲಿ ಅಲ್ಲ.

ಈಗ ಬೆನ್ನಡಿ ಮಾಡಿ ತಿರುಗಿಸಿ. ಹೊಟ್ಟೆಗೆ ಅಂಟಿದ ಮಡಿಕೆ ಕಿರಿದಾಗಿ ತ್ರಿಕೋನದಂತಿದ್ದರೆ ಗಂಡು, ಅಗಲವಾಗಿ ದುಂಡಗಿದ್ದರೆ ಬೆಳೆದ ಹೆಣ್ಣು. ಗಂಡು ಸಿಕ್ಕರೆ ಸಂತೋಷಪಡಿ. ಆ ಮಡಿಕೆಯನ್ನು ಮೆಲ್ಲಗೆ ಎತ್ತಿದರೆ ಗೊನೊಪಾಡ್ ಎಂಬ ಎರಡು ಜೊತೆ ಕಡ್ಡಿಯಂಥ ಅಂಗಗಳು ಕಾಣುತ್ತವೆ. ಮೊದಲ ಜೊತೆಯ ತುದಿ ಎತ್ತ ಬಾಗಿದೆ, ಚೂಪೋ ಮೊಂಡೋ, ರೋಮ ಎಲ್ಲಿಂದ ಶುರು, ಇಷ್ಟರಲ್ಲೇ ಒಂದು ಜಾತಿ ಇನ್ನೊಂದರಿಂದ ಬೇರೆಯಾಗುವುದುಂಟು. ಚಿಪ್ಪು ಒಂದೇ ಥರ ಕಾಣುವ ಏಡಿಗಳಲ್ಲಿ ಕೊನೆಗೆ ತೀರ್ಪು ಕೊಡುವುದು ಹೆಚ್ಚಾಗಿ ಇದೇ.

ಕಣ್ಣು ಪಳಗಿಸಲು ಆಳಸಮುದ್ರಕ್ಕೆ ಕಾಯಬೇಕಿಲ್ಲ. ಸಂತೆಯಿಂದ ಬೆನ್ನಲ್ಲಿ ಮೂರು ಕೆಂಪು ಚುಕ್ಕೆ ಇರುವ ಏಡಿ ತನ್ನಿ. ಕಣ್ಣಿನಿಂದ ಪಕ್ಕಕ್ಕೆ ಚಿಪ್ಪಿನ ಅಂಚಿನ ಮುಳ್ಳುಗಳನ್ನು ಎಣಿಸಿ. ಒಂಬತ್ತು ಇರುತ್ತದೆ, ಒಂಬತ್ತನೆಯದು ಉದ್ದ. ಈಗ ಶಿಲುಬೆ ಗುರುತಿನ ಏಡಿ ತೆಗೆದುಕೊಳ್ಳಿ. ಆರೇ. ಹೀಗೆ ಎಣಿಸುತ್ತಾ ಹೋದರೆ ಕೈಗೆ ಅಭ್ಯಾಸವಾಗುತ್ತದೆ.

ಹಳೆಯದರ ಎದುರು ಇಡುವುದು

ಜಾಸ್ತಿ ಸಮಯ ಹಿಡಿಯುವುದು ಇಲ್ಲಿ. 2008ರಲ್ಲಿ ಮಾಡಿದ ಪಟ್ಟಿಯಲ್ಲೇ ನಿಜವಾದ ಏಡಿಗಳು 6,793 ಜಾತಿ ಇದ್ದವು. ನಿಮ್ಮದು ಅದರಲ್ಲಿ ಯಾವುದೂ ಅಲ್ಲ ಎಂದು ತೋರಿಸಬೇಕು. ಎಲ್ಲವನ್ನೂ ನೋಡಬೇಕಿಲ್ಲ, ಅದೇ ಕುಲದ ಒಂದೊಂದನ್ನೂ ನೋಡಲೇಬೇಕು.

ನಮ್ಮ ಕಡಲಿನ ಆಳದ ಏಡಿಗಳಿಗೆ ದೊಡ್ಡ ಆಧಾರ ಆಲ್ಫ್ರೆಡ್ ಆಲ್ಕಾಕ್. 'ಇನ್ವೆಸ್ಟಿಗೇಟರ್' ಹಡಗಿನಲ್ಲಿ ವೈದ್ಯರಾಗಿ ಹೋಗಿ 1890ರ ದಶಕದಲ್ಲಿ ಅವುಗಳನ್ನು ಒಂದೊಂದಾಗಿ ವಿವರಿಸಿದವರು. ಅವರ ಬರಹಗಳು ಈಗ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಇಂದಿನ ಸರಿಯಾದ ಹೆಸರುಗಳಿಗೆ ವರ್ಮ್ಸ್ ಎಂಬ ಕಡಲಜೀವಿಗಳ ಪಟ್ಟಿ ನೋಡಿ. ಡಿಎನ್‌ಎ ಹೋಲಿಕೆಗೆ ಸಾಮಾನ್ಯವಾಗಿ ಸಿಒಐ ಎಂಬ ಜೀನಿನ ಸುಮಾರು 650 ಅಕ್ಷರಗಳನ್ನು ಓದಿಸುತ್ತಾರೆ. ಡಿಎನ್‌ಎ ಒಳ್ಳೆಯ ಸಾಕ್ಷಿ, ಆದರೆ ಅದೊಂದನ್ನೇ ನಂಬಿ ಹೊಸ ಜಾತಿ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಮೈಯ ಲಕ್ಷಣವೂ ಜೊತೆಗೆ ಹೇಳಬೇಕು.

ಇಷ್ಟೆಲ್ಲ ಯಾಕೆ ಎನ್ನುತ್ತೀರಾ? ನಮ್ಮ ಅಳಿವೆಗಳ ಕೆಸರಿನಲ್ಲಿ ಸಿಗುವ ದೊಡ್ಡ ಏಡಿಯನ್ನೇ ನೋಡಿ. ಅದರ ಕುಲದಲ್ಲಿ ನಾಲ್ಕು ಜಾತಿ ಇವೆ ಎಂದು ಗಟ್ಟಿಯಾದದ್ದು 1998ರಲ್ಲಿ. ಅದಕ್ಕೂ ಮೊದಲು ಎಲ್ಲ ಕಡೆ ಹೆಸರುಗಳು ಅದಲು ಬದಲಾಗಿದ್ದವು. ಯಾವ ಜಾತಿ ಎಷ್ಟು ಬೆಳೆಯುತ್ತದೆ, ಯಾವಾಗ ಮೊಟ್ಟೆಯಿಡುತ್ತದೆ ಎಂಬ ಲೆಕ್ಕವೇ ಗೋಜಲು. ದಿನವೂ ತಿನ್ನುವ ಏಡಿಯ ಗತಿ ಇದಾದರೆ, ಯಾರೂ ಕಾಣದ ಆಳದ ಏಡಿಗೆ ಎಷ್ಟು ಜಾಗ್ರತೆ ಬೇಕು, ಅಲ್ವಾ?

ಬರೆಯುವ ಕ್ರಮ

"ಚಿಪ್ಪು ಅಗಲವಾಗಿದೆ, ಮುಳ್ಳುಗಳಿವೆ" ಎಂದು ಸುಮ್ನೆ ಬರೆದರೆ ಅದು ಸಾವಿರ ಏಡಿಗೆ ಹೊಂದುತ್ತದೆ. ಹೀಗೆ ಬರೆಯಿರಿ: "ಚಿಪ್ಪಿನ ಅಗಲ ಉದ್ದದ 1.3 ಪಟ್ಟು. ಪ್ರತಿ ಬದಿಯಲ್ಲಿ ಐದು ಮುಳ್ಳು. ಎರಡನೆಯದು ಎಲ್ಲಕ್ಕಿಂತ ಸಣ್ಣದು, ಐದನೆಯದು ಹೊರಕ್ಕೆ ಚಾಚಿದೆ." ಅಳತೆಯನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಮಿಲಿಮೀಟರಿನಲ್ಲಿ ತೆಗೆಯಿರಿ. ಚಿಪ್ಪಿನಿಂದ ಶುರು ಮಾಡಿ ಕಣ್ಣು, ಬಾಯಿಯ ಅಂಗ, ಇಕ್ಕುಳ, ಕಾಲು, ಹೊಟ್ಟೆ, ಗೊನೊಪಾಡ್ ಎಂದು ಕ್ರಮದಲ್ಲಿ ಸಾಗಿ. ಫೋಟೋ ಇದ್ದರೂ ಗೆರೆಚಿತ್ರ ಬೇಕೇ ಬೇಕು. ಫೋಟೋದಲ್ಲಿ ಹೊಳಪು, ನೆರಳು ಮುಚ್ಚುವುದನ್ನು ಗೆರೆ ಬಿಡಿಸಿ ತೋರಿಸುತ್ತದೆ. ಹತ್ತಿರದ ಜಾತಿಗಳಿಂದ ಇದು ಹೇಗೆ ಬೇರೆ ಎಂದು ಪ್ರತ್ಯೇಕವಾಗಿ ಬರೆಯಿರಿ. ವಿವರಣೆಯ ಜೀವ ಇರುವುದು ಅಲ್ಲೇ.

ಒಂದು ಏಡಿಯನ್ನು ಆರಿಸಿ ಹೋಲೋಟೈಪ್ ಎಂದು ಗುರುತಿಸಬೇಕು. ಆ ಹೆಸರು ಯಾವ ಜೀವಿಯದು ಎಂದು ಮುಂದೆ ಜಗಳ ಬಂದರೆ ತೋರಿಸುವುದು ಆ ಒಂದನ್ನೇ. ಅದನ್ನು ಎಲ್ಲಿ ಇಟ್ಟಿದ್ದೇವೆ ಎಂದೂ ಬರೆಯಬೇಕು. ಹೊಸ ಜಾತಿ ಸಿಕ್ಕಿದರೆ ಗೊತ್ತುಪಡಿಸಿದ ಸಂಗ್ರಹಾಲಯಕ್ಕೆ ತಿಳಿಸಿ ಮಾದರಿ ಕೊಡಬೇಕೆಂದು 2002ರ ಜೈವಿಕ ವೈವಿಧ್ಯ ಕಾಯಿದೆ ಹೇಳುತ್ತದೆ. ಕೋಲ್ಕತ್ತದ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆ ಇದೆ. ಆಳಸಮುದ್ರದ ಜೀವಿಗಳಿಗೆ ನಮಗೆ ಹತ್ತಿರದ ಕೊಚ್ಚಿಯಲ್ಲೇ 'ಭವಸಾಗರ' ಸಂಗ್ರಹ ಇದೆ.

ಹೆಸರು

ಹೆಸರು ಎರಡು ಪದದ್ದು, ರೋಮನ್ ಅಕ್ಷರದ್ದು. ಊರಿನ ಹೆಸರಾದರೆ ಕೊನೆಗೆ 'ಎನ್ಸಿಸ್', ಗಂಡಸಿನ ಹೆಸರಾದರೆ 'ಐ', ಹೆಂಗಸಿನದಾದರೆ 'ಎಇ'. ಭಾರತದ ಆಳಕಡಲಿನ ಒಂದು ಏಡಿಗೆ 1993ರಲ್ಲಿ ಚೇಸಿಯಾನ್ ಆಲ್ಕಾಕಿ ಎಂದು ಹೆಸರಿಟ್ಟದ್ದು ಆ ಹಡಗಿನ ವೈದ್ಯರ ನೆನಪಿಗೆ. ನಮ್ಮ ನುಡಿಯ ಪದವೂ ನಡೆಯುತ್ತದೆ. 2017ರಲ್ಲಿ ಕೇರಳದ ಮರ ಹತ್ತುವ ಏಡಿಗೆ 'ಕಾಣಿ ಮರಞಂಡು' ಎಂದಿಟ್ಟರು. ಕಾಣಿ ಎಂಬುದು ಅದನ್ನು ತೋರಿಸಿಕೊಟ್ಟ ಬುಡಕಟ್ಟು, ಮರಞಂಡು ಅಂದರೆ ಮಲಯಾಳದಲ್ಲಿ ಮರದ ಏಡಿ. ತುಳುವಿನ ಡೆಂಜಿಯೂ ಒಂದು ದಿನ ಹಾಗೆ ಸೇರಲಿ ಎಂಬುದು ನನ್ನ ಆಸೆ.

ವಿವರಣೆ ಇಂಗ್ಲಿಷಿನಲ್ಲೇ ಇರಬೇಕೆಂದು ಪ್ರಾಣಿಗಳ ಹೆಸರಿನ ನಿಯಮದಲ್ಲಿ ಇಲ್ಲ. ಹೊರಗಿನವರು ಓದಬೇಕಾದ್ದರಿಂದ ಇಂಗ್ಲಿಷಿನಲ್ಲಿ ಬರೆಯಿರಿ, ಜೊತೆಗೆ ಕನ್ನಡದಲ್ಲೂ ಒಂದು ಪುಟ ಬರೆದು ಬಂದರಿಗೆ ಕೊಡಿ. ಬರೀ ಆನ್‌ಲೈನಿನಲ್ಲಿ ಬರುವ ಪತ್ರಿಕೆಯಾದರೆ ಝೂಬ್ಯಾಂಕ್ ಎಂಬ ಪ್ರಾಣಿಹೆಸರುಗಳ ದಾಖಲೆ ತಾಣದಲ್ಲಿ ನೋಂದಣಿ ಬೇಕೇ ಬೇಕು. ಇದು 2012ರಿಂದ ಬಂದ ನಿಯಮ. ಇನ್ನೊಂದು ಮಾತು: ಲೇಖನ ಅಚ್ಚಾಗುವವರೆಗೆ ಆ ಹೆಸರನ್ನು ದಿನಪತ್ರಿಕೆಗೆ ಕೊಡಬೇಡಿ. ವಿವರಣೆಯಿಲ್ಲದೆ ಬರಿಯ ಹೆಸರು ಹೊರಬಿದ್ದರೆ ಅದಕ್ಕೆ ಬೆಲೆಯಿಲ್ಲ, ಆಮೇಲೆ ಗೊಂದಲ ಮಾತ್ರ.

ಅಚ್ಚಾದ ಪ್ರತಿಯೊಂದನ್ನು ತಂಡೇಲರಿಗೆ ಕೊಟ್ಟು, ಅವರು ಒಪ್ಪಿದ್ದರೆ ಕೃತಜ್ಞತೆಯ ಸಾಲಿನಲ್ಲಿ ಅವರ ಹೆಸರು ತೋರಿಸಿ. ಹಾಗೆಯೇ ಒಂದು ಕೋರಿಕೆ ಇಟ್ಟು ಬನ್ನಿ. ನಿಮಗೆ ಸಿಕ್ಕಿದ್ದು ಗಂಡು ಮಾತ್ರ ಆಗಿದ್ದರೆ, ಮುಂದಿನ ಸಲ ಅದೇ ಜಾಗದಲ್ಲಿ ಹೊಟ್ಟೆಯಡಿ ಮೊಟ್ಟೆ ಹೊತ್ತ ಹೆಣ್ಣು ಬಲೆಗೆ ಬಿದ್ದರೆ ರಾಶಿಗೆ ಎಸೆಯದೆ ಐಸ್ ಪೆಟ್ಟಿಗೆಯಲ್ಲಿ ಇಡಲು ಹೇಳಿ.