ಹಡಗು ಹತ್ತಿಸುವ ಮೊದಲು ದೇವಿಮನೆ ಘಟ್ಟ ಇಳಿಸಿ ನೋಡಿ: ಚಿಕ್ಕ ಮಕ್ಕಳ ಜೊತೆ ವಾರದ ಕ್ರೂಸ್

ನನ್ನ ಅಂಕೋಲೆಯ ಅಜ್ಜಿಗೆ ಅದು ಕ್ರೂಸ್ ಅಲ್ಲ, ಆಗಬೋಟು, ಅಂದರೆ ಉಗಿಹಡಗು. ಮುಂಬೈ ಆಗಬೋಟು ಕಾರವಾರಕ್ಕೆ ಬರುತ್ತಿದ್ದ ಕತೆಗಳನ್ನು ಕೇಳಿ ಬೆಳೆದವರು ಅವರು. ನಾವು ಸಿಂಗಪುರದಿಂದ ಏಳು ರಾತ್ರಿಯ ಹಡಗು ಬುಕ್ ಮಾಡಿದ್ದೇವೆ ಅಂದಾಗ ಅವರು ಕೇಳಿದ್ದು ಒಂದೇ ಮಾತು. "ಏಳು ದಿನ ನೀರ ಮೇಲೆ, ಈ ಎರಡು ಮಕ್ಕಳನ್ನ ಕಟ್ಕೊಂಡು, ಮಧ್ಯಾಹ್ನ ಹೊತ್ತು ಏನ್ ಮಾಡ್ತ್ರಿ?"

ನಗಬೇಡಿ. ವೀಸಾ, ದರ, ಊಟ ಅಂತ ಮೂರು ತಿಂಗಳು ತಲೆಕೆಡಿಸಿಕೊಂಡ ನಮಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ. ಮಗನಿಗೆ ಆಗ 6 ವರ್ಷ, ಮಗಳಿಗೆ ಎರಡೂವರೆ. ಹೋಗಿ ಬಂದ ಮೇಲೆ ಹೇಳುತ್ತಿದ್ದೇನೆ, ಚಿಕ್ಕ ಮಕ್ಕಳಿದ್ದರೆ ಇಡೀ ಕ್ರೂಸನ್ನು ಅವರ ಮಧ್ಯಾಹ್ನದ ನಿದ್ದೆಯ ಸುತ್ತ ಕಟ್ಟಿ. ಊರುಗಳು, ಶೋಗಳು, ಈಜುಕೊಳ ಎಲ್ಲ ಆಮೇಲೆ.

ಮೊದಲು ಒಂದು ಪರೀಕ್ಷೆ

ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ ಇಳಿಯುವಾಗ ಕವರ್ ಹಿಡಿದು ಕೂರುವ ಮಗುವೇ ನಿಮ್ಮದು? ನಮ್ಮ ಮಗ ಅದೇ ಪೈಕಿ. ಕಿವಿಯೊಳಗಿನ ಸಮತೋಲ ನೋಡುವ ಭಾಗ "ಅಲುಗುತ್ತಿದ್ದೇವೆ" ಅನ್ನುತ್ತದೆ, ಕಾರಿನ ಸೀಟು ನೋಡುತ್ತಿರುವ ಕಣ್ಣು "ಇಲ್ಲ" ಅನ್ನುತ್ತದೆ. ಆ ಜಗಳಕ್ಕೇ ಹೊಟ್ಟೆ ತೊಳಸುವುದು. ಸಮುದ್ರದಲ್ಲೂ ಇದೇ ಕತೆ. ಎರಡು ವರ್ಷದೊಳಗಿನ ಕೂಸುಗಳಿಗೆ ಇದು ಅಪರೂಪ, 2ರಿಂದ 12ರವರೆಗೆ ಜಾಸ್ತಿ.

ಹಾಗಂತ ಘಟ್ಟದಲ್ಲಿ ಫೇಲಾದ ಮಗು ಹಡಗಲ್ಲೂ ಫೇಲಾಗಬೇಕಿಲ್ಲ. ದೊಡ್ಡ ಹಡಗಿನ ಎರಡೂ ಬದಿಗೆ ನೀರೊಳಗೆ ಮೀನಿನ ರೆಕ್ಕೆಯಂಥ ಸ್ಟೆಬಿಲೈಸರ್ ಇರುತ್ತವೆ, ಓಲಾಟ ತುಂಬ ಕಮ್ಮಿ. ನಮ್ಮ ಮಗ ಏಳು ದಿನದಲ್ಲಿ ಒಮ್ಮೆಯೂ ವಾಂತಿ ಮಾಡಲಿಲ್ಲ. ವಾಪಸ್ ಬಂದು ಯಾಣದ ರಸ್ತೆಯಲ್ಲಿ ಮಾಡಿದ. ಆದರೂ ಮೊದಲು ತದಡಿಯಿಂದ ಅಘನಾಶಿನಿಗೆ ಬೋಟಿನಲ್ಲಿ ದಾಟಿಸಿ ನೋಡಿ. ಹೆದರುತ್ತಾನಾ, ಲೈಫ್ ಜಾಕೆಟ್ ಹಾಕಿಸಿಕೊಳ್ಳುತ್ತಾನಾ, ಅಲೆ ಬಂದಾಗ ಯಾರನ್ನು ಹಿಡಿದುಕೊಳ್ಳುತ್ತಾನೆ, ಅಷ್ಟು ಗೊತ್ತಾದರೆ ಸಾಕು.

ಸೀದಾ ಏಳು ರಾತ್ರಿಗೆ ಧೈರ್ಯ ಇಲ್ಲವಾದರೆ ಮುಂಬೈಯಿಂದ ಗೋವಾ, ಲಕ್ಷದ್ವೀಪದ ಕಡೆ ಹೋಗುವ ಚಿಕ್ಕ ಪ್ರಯಾಣ ಇದೆ. ಕಾರ್ಡೇಲಿಯಾದ ಎಂಪ್ರೆಸ್ ಹಡಗು 2021ರಿಂದ ಈ ಕಡೆ ಓಡಾಡುತ್ತಿದೆ. ಮತ್ಸ್ಯಗಂಧ ರೈಲನ್ನು ಸಂಜೆ ಕಾರವಾರದಲ್ಲಿ ಹತ್ತಿದರೆ ಬೆಳಗ್ಗೆ ಮುಂಬೈ. ಒಂದು ಮಾತು ಮಾತ್ರ ನೆನಪಿರಲಿ. ಲಕ್ಷದ್ವೀಪದಲ್ಲಿ ದೊಡ್ಡ ಹಡಗು ದೂರದಲ್ಲೇ ನಿಲ್ಲುತ್ತದೆ, ಸಣ್ಣ ಬೋಟಿಗೆ ಇಳಿದು ದಡ ಸೇರಬೇಕು. ಕಂಕುಳಲ್ಲಿ ಮಗು, ಹೆಗಲಲ್ಲಿ ಚೀಲ, ಕೈಯಲ್ಲಿ ಮಡಚಿದ ಸ್ಟ್ರೋಲರ್ ಇಟ್ಟುಕೊಂಡು ಅಲುಗುವ ಬೋಟಿಗೆ ಕಾಲಿಡುವುದು ಸುಲಭ ಅಲ್ಲ.

ಯಾವ ತಿಂಗಳು ಅನ್ನುವುದಕ್ಕೆ ನಮ್ಮೂರಲ್ಲಿ ಕ್ಯಾಲೆಂಡರ್ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಕಾರವಾರದ ಬೈತಖೋಲ ಮೀನುಗಾರಿಕೆ ಬಂದರಿನಲ್ಲಿ ಬೋಟುಗಳು ದಡ ಸೇರಿರುತ್ತವೆ. ಆಗ ನೀವೂ ಅರಬ್ಬಿ ಸಮುದ್ರಕ್ಕೆ ಮಕ್ಕಳನ್ನು ಇಳಿಸಬೇಡಿ. ಡಿಸೆಂಬರಿನಿಂದ ಫೆಬ್ರುವರಿ ತನಕ ಈ ಕಡಲು ಶಾಂತ.

ಕಾಗದ ಪತ್ರ

ಹೆಚ್ಚಿನ ಹಡಗುಗಳಲ್ಲಿ ಆರು ತಿಂಗಳು ತುಂಬದ ಮಗುವನ್ನು ಹತ್ತಿಸುವುದಿಲ್ಲ. ಸತತ ಮೂರು ನಾಲ್ಕು ದಿನ ದಡ ಕಾಣದ ದೂರದ ಪ್ರಯಾಣಕ್ಕೆ ಒಂದು ವರ್ಷ ಆಗಿರಬೇಕು ಅನ್ನುತ್ತಾರೆ. ಈ ಲೆಕ್ಕ ಹತ್ತುವ ದಿನಕ್ಕೆ, ಬುಕ್ ಮಾಡುವ ದಿನಕ್ಕಲ್ಲ.

ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷಕ್ಕೆ. ಅಪ್ಪ ಅಮ್ಮ ಇಬ್ಬರ ಒಪ್ಪಿಗೆಯ ಪತ್ರ, ಅನೆಕ್ಸರ್ ಡಿ, ಬೇಕು. ನಮಗೆ ಸಿಕ್ಕಿಬಿದ್ದದ್ದು ಬೇರೆ ಕಡೆ: ಮಗಳ ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿ! ನಾಮಕರಣಕ್ಕೆ ಮುಂಚೆ ಮಾಡಿಸಿದ ಪತ್ರ, ಆಮೇಲೆ ಹೆಸರು ಸೇರಿಸುವುದು ಎಲ್ಲರಿಗೂ ಮರೆತಿತ್ತು. ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ದಿನ ಗೊತ್ತುಮಾಡುವ ಮೊದಲು ಅದನ್ನು ತೆಗೆದು ನೋಡಿ.

ವೀಸಾದಲ್ಲಿ ಒಂದು ಸೂಕ್ಷ್ಮ ಇದೆ. ಸಿಂಗಪುರಕ್ಕೆ ವಿಮಾನದಲ್ಲಿ ಇಳಿದು, ಹಡಗಿನಲ್ಲಿ ಹೊರಗೆ ಹೋಗಿ, ಮತ್ತೆ ಅಲ್ಲಿಗೇ ಬಂದರೆ ಅದು ಎರಡು ಪ್ರವೇಶ. ಒಂದೇ ಪ್ರವೇಶದ ವೀಸಾ ಸಾಲದು. ದಾರಿಯ ಪ್ರತಿ ದೇಶದ ನಿಯಮ ಬೇರೆ, ಬದಲಾಗುತ್ತಲೂ ಇರುತ್ತದೆ, ಏಜೆಂಟರ ಬಾಯಿಮಾತು ನಂಬದೆ ಹಡಗಿನವರಿಂದ ಬರವಣಿಗೆಯಲ್ಲಿ ಪಡೆಯಿರಿ.

ಕೋಣೆ ಆರಿಸುವುದರಲ್ಲೇ ಅರ್ಧ ಗೆಲುವು

ಬಾಲ್ಕನಿ ಇರುವ ಕೋಣೆಯ ಫೋಟೋ ನೋಡಿ ಮರುಳಾಗಬೇಡಿ ಅಂತ ಹೇಳಲಾರೆ, ನಾನೇ ಮರುಳಾದವಳು. ಮಗು ಮಲಗಿದ ಎರಡು ಗಂಟೆ ನೀವು ಹೊರಗೆ ಕೂತು ಚಹಾ ಕುಡಿಯಬಹುದಲ್ವಾ! ಆದರೆ ಅಲ್ಲಿಯ ಕುರ್ಚಿ ಎಳೆದು ಹತ್ತುವ ವಯಸ್ಸಿನ ಮಗು ಇದ್ದರೆ ಕುರ್ಚಿಗಳನ್ನು ಒಳಗೆ ತಂದಿಡಿ, ಬಾಗಿಲಿನ ಚಿಲಕ ಯಾವಾಗಲೂ ಹಾಕಿರಿ. ಕಿಟಕಿ ಇಲ್ಲದ ಒಳಗಿನ ಕೋಣೆ ಅಗ್ಗ, ದೀಪ ಆರಿಸಿದರೆ ಕಗ್ಗತ್ತಲು. ಮಧ್ಯಾಹ್ನ ಮಲಗುವ ಮಗುವಿಗೆ ಅದೇ ಸ್ವರ್ಗ. ರಾತ್ರಿ ಎದ್ದರೆ ಹೆದರದಂತೆ ಚಿಕ್ಕ ಬ್ಯಾಟರಿ ದೀಪ ಒಯ್ಯಿರಿ.

ಎಲ್ಲಿ ಅನ್ನುವುದು ಇನ್ನೂ ಮುಖ್ಯ. ಹಡಗಿನ ಉದ್ದದಲ್ಲಿ ನಡುವೆ, ಎತ್ತರದಲ್ಲಿ ಕೆಳಗೆ, ಅಲ್ಲಿ ಓಲಾಟ ಕಮ್ಮಿ. ಬುಕ್ ಮಾಡುವಾಗ ಡೆಕ್ ನಕ್ಷೆ ತೆರೆದು ನಿಮ್ಮ ಕೋಣೆಯ ಮೇಲೆ ಕೆಳಗೆ ಏನಿದೆ ನೋಡಿ. ಎರಡೂ ಕಡೆ ಕೋಣೆಗಳೇ ಇದ್ದರೆ ಒಳ್ಳೆಯದು. ಈಜುಕೊಳದ ಕೆಳಗಿನ ಕೋಣೆಯಲ್ಲಿ ಬೆಳಗಾಗುವ ಮೊದಲೇ ಕುರ್ಚಿ ಎಳೆಯುವ ಸದ್ದು. ಕೂಸಿಗೆ ತೊಟ್ಟಿಲಿನಂಥ ಕಾಟ್ ಬೇಕಿದ್ದರೆ ಮುಂಚೆಯೇ ಕೇಳಿ, ಅದು ಬಿಚ್ಚಿದ ಮೇಲೆ ಕೋಣೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಬಚ್ಚಲು ಎಂದರೆ ಒಬ್ಬರು ನಿಂತು ತಿರುಗುವಷ್ಟು, ಮೇಲೊಂದು ಶವರ್. ಬಕೆಟ್ ಇಲ್ಲ, ತಂಬಿಗೆ ಇಲ್ಲ. ಒಂದು ಪ್ಲಾಸ್ಟಿಕ್ ಮಗ್ ಒಯ್ಯಿರಿ, ನನ್ನನ್ನು ನೆನೆಸಿಕೊಳ್ಳುತ್ತೀರಿ. ಇನ್ನೊಂದು, ಹಡಗಿನ ಸಂಡಾಸು ಗಾಳಿಯಲ್ಲಿ ಎಳೆಯುವ ಜಾತಿ. ಗುಂಡಿ ಒತ್ತಿದರೆ ಭರ್ರ್ ಅಂತ ಸದ್ದು. ಮೊದಲ ಸಲ ಮಗ ಚಡ್ಡಿ ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಓಡಿ ಬಂದು, "ಆಯಿ, ಇದು ನನ್ನನ್ನೂ ಎಳ್ಕೊಂಡು ಹೋಗ್ತದಾ?" ಅಂದ. ಎರಡು ದಿನ ಬಾಗಿಲು ತೆಗೆದಿಟ್ಟೇ ಕೂತ. ಮುಚ್ಚಳ ಹಾಕಿ, ಮಗುವನ್ನು ಹೊರಗೆ ಕಳಿಸಿ, ಆಮೇಲೆ ಗುಂಡಿ ಒತ್ತಿ.

ಕೋಣೆಯ ಗೋಡೆಗಳು ಸಾಮಾನ್ಯವಾಗಿ ಲೋಹದವು. ಅಯಸ್ಕಾಂತದ ಕೊಕ್ಕೆ ನಾಲ್ಕು ಒಯ್ದರೆ ಒದ್ದೆ ಬಟ್ಟೆ ನೇತುಹಾಕಬಹುದು.

ಚೀಲದಲ್ಲಿ ಏನು, ಏನು ಬೇಡ

ಡಯಾಪರ್, ಪುಡಿ ಹಾಲು, ಮಗುವಿನ ಔಷಧಿ ಇವು ಮೂರನ್ನೂ ಪೂರ್ತಿ ಲೆಕ್ಕ ಹಾಕಿ, ಎರಡು ದಿನದ್ದು ಹೆಚ್ಚಿಗೆ ಒಯ್ಯಿರಿ. ಹಡಗಿನ ಅಂಗಡಿಯಲ್ಲಿ ವಾಚು, ಸೆಂಟು ಸಿಗುತ್ತದೆ, ಡಯಾಪರ್ ನಂಬಿಕೊಂಡು ಹೋಗುವಂತಿಲ್ಲ. ಕರೆಂಟಿನ ಕೆಟಲ್, ರೈಸ್ ಕುಕ್ಕರ್, ಇಸ್ತ್ರಿ ಪೆಟ್ಟಿಗೆ ಬಿಡುವುದಿಲ್ಲ, ಬೆಂಕಿಯ ಭಯ. ಮನೆಯಲ್ಲಿ ಮಾಡಿದ ತಿಂಡಿಯನ್ನೂ ಬಿಡುವುದಿಲ್ಲ. ಅತ್ತೆ ಕಾಗದ, ಕವರ್, ಮತ್ತೆ ಕಾಗದ ಸುತ್ತಿ ಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿ ತಪಾಸಣೆಯವರ ಕೈಗೆ ಸಿಕ್ಕಿತು. ಅವರು ಮುಚ್ಚಳ ತೆಗೆದು ಒಮ್ಮೆ ಮೂಸಿ, ಮುಚ್ಚಿ, ಆ ಕಡೆ ಇಟ್ಟುಬಿಟ್ಟರು. ಅತ್ತೆಗೆ ಇವತ್ತಿಗೂ ಹೇಳಿಲ್ಲ. ಅಂಗಡಿಯ ಸೀಲ್ ಇರುವ ತೆಳು ಅವಲಕ್ಕಿ, ಬಿಸ್ಕತ್ತು, ಕೂಸಿನ ಸಿರಿಯಲ್ ಪ್ಯಾಕೆಟಿಗೆ ತಕರಾರು ಬರಲಿಲ್ಲ. ಬಿಸಿನೀರು ಬಫೆಯಲ್ಲಿ ಸಿಗುತ್ತದೆ. ಮೊಸರು, ಅನ್ನವೂ ಅಲ್ಲಿದ್ದ ಕಾರಣ ಮಗಳ ಹೊಟ್ಟೆ ನಡೆಯಿತು. ಬೇರೆ ಭಾಗದ ಹಡಗಾದರೆ ಸಸ್ಯಾಹಾರ ಅಂತ ಬುಕ್ ಮಾಡುವಾಗಲೇ ಬರೆಸಿ.

ಮನೆಯ ಎಮ್ಮೆ ಹಾಲು ಕುಡಿದು ಬೆಳೆದ ಮಕ್ಕಳು ಪ್ಯಾಕೆಟ್ ಹಾಲಿಗೆ ಮುಖ ತಿರುಗಿಸುತ್ತಾರೆ. ಒಂದು ತಿಂಗಳು ಮುಂಚೆಯೇ ರೂಢಿ ಮಾಡಿಸಿ.

ಹತ್ತುವ ದಿನ

ಕಾರವಾರದಿಂದ ಪಂಚಗಂಗಾ ರೈಲಿನಲ್ಲಿ ಬೆಂಗಳೂರು, ಅಲ್ಲಿಂದ ವಿಮಾನ. ಹಡಗು ಹೊರಡುವ ದಿನವೇ ಸಿಂಗಪುರಕ್ಕೆ ಇಳಿಯುವ ಸಾಹಸ ಬೇಡ, ಒಂದು ದಿನ ಮುಂಚೆ ಹೋಗಿ. ವಿಮಾನ ತಡವಾಯಿತು ಅಂತ ಹಡಗು ಕಾಯುವುದಿಲ್ಲ.

ಬಂದರಿನಲ್ಲಿ ದೊಡ್ಡ ಸೂಟ್‌ಕೇಸುಗಳನ್ನು ಅವರಿಗೆ ಒಪ್ಪಿಸುತ್ತೀರಿ. ಅವು ಕೋಣೆಯ ಬಾಗಿಲಿಗೆ ಬರುವಾಗ ಸಂಜೆಯಾದೀತು. ಹಾಗಾಗಿ ಈಜುಡುಗೆ, ಒಂದು ಜೊತೆ ಬಟ್ಟೆ, ಡಯಾಪರ್, ಔಷಧಿ, ಮಗು ತಬ್ಬಿ ಮಲಗುವ ಗೊಂಬೆ ಕೈಚೀಲದಲ್ಲಿರಲಿ. ಗೊಂಬೆ ಸೂಟ್‌ಕೇಸಿನಲ್ಲಿತ್ತು ಅನ್ನುವ ಕಾರಣಕ್ಕೆ ಮೊದಲ ದಿನದ ನಿದ್ದೆ ಕಳೆದುಕೊಂಡವರು ನಾವು.

ಹಡಗು ಬಿಡುವ ಮುಂಚೆ ಸುರಕ್ಷತಾ ಡ್ರಿಲ್ ಇದೆ, ತಪ್ಪಿಸುವಂತಿಲ್ಲ. ಟೈಟಾನಿಕ್ ಮುಳುಗಿದ್ದು 1912ರಲ್ಲಿ, ಅದಾದ ಎರಡು ವರ್ಷಕ್ಕೆ ಶುರುವಾದ, ಕಡಲಲ್ಲಿ ಜೀವ ಕಾಯುವ ಸೋಲಾಸ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದದ ನಿಯಮಗಳು ಇವತ್ತಿಗೂ ಬೆಳೆಯುತ್ತ ಬಂದಿವೆ. ಮಕ್ಕಳ ಅಳತೆಯ ಲೈಫ್ ಜಾಕೆಟ್ ಕೋಣೆಯಲ್ಲಿ ಇಲ್ಲದಿದ್ದರೆ ಅವತ್ತೇ ಕೇಳಿ ತರಿಸಿ. ಮಕ್ಕಳ ಕೈಗೆ ಗುಂಪು ಸೇರುವ ಜಾಗದ ಸಂಖ್ಯೆ ಇರುವ ಪಟ್ಟಿ ಕಟ್ಟಿಕೊಡುವ ಪದ್ಧತಿ ಇದೆ, ಕೊಡದಿದ್ದರೆ ನೀವೇ ಕೇಳಿ. ನಾನು ದಿನಾ ಬೆಳಗ್ಗೆ ಇಬ್ಬರದೂ ಆ ದಿನದ ಅಂಗಿಯಲ್ಲಿ ಒಂದು ಫೋಟೋ ತೆಗೆದಿಡುತ್ತಿದ್ದೆ. ಕಳೆದುಹೋದರೆ "ಯಾವ ಬಣ್ಣದ ಅಂಗಿ" ಅಂತ ಕೇಳಿದಾಗ ಯಾರಿಗೂ ನೆನಪಾಗುವುದಿಲ್ಲ.

ದಿನ ಹೇಗೆ ಕಳೆಯಬೇಕು

ಸಿಂಗಪುರ ನಮಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ರಾತ್ರಿ ಒಂಬತ್ತಾದಾಗ ಮಕ್ಕಳ ಮೈಗೆ ಇನ್ನೂ ಸಂಜೆ ಆರೂವರೆ. ಮೊದಲೆರಡು ದಿನ ಅವರು ಮಲಗುವುದಿಲ್ಲ, ಬೆಳಗ್ಗೆ ಏಳುವುದಿಲ್ಲ. ಎಬ್ಬಿಸಿ ತಿಂಡಿಗೆ ಎಳೆದುಕೊಂಡು ಹೋಗಬೇಡಿ, ಬಿಸ್ಕತ್ತು ಕೋಣೆಯಲ್ಲಿರಲಿ. ಮಧ್ಯಾಹ್ನ ಹನ್ನೆರಡಕ್ಕೇ ಊಟ ಮುಗಿಸಿ, ಒಂದರಿಂದ ಮೂರು ಕೋಣೆ ಕತ್ತಲು. ಆ ಹೊತ್ತಿಗೆ ಮೇಲೆ ಬಿಸಿಲೂ ಜಾಸ್ತಿ, ಜನವೂ ಜಾಸ್ತಿ, ನೀವು ಕಳೆದುಕೊಳ್ಳುವುದು ಏನೂ ಇಲ್ಲ. ಗಂಡ ಹೆಂಡತಿ ಸರದಿ ಹಾಕಿಕೊಳ್ಳಿ, ಒಬ್ಬರು ಕಾವಲು, ಒಬ್ಬರು ಆರಾಮ.

ಇದನ್ನು ನಾವು ಮುರಿದದ್ದು ಒಂದೇ ದಿನ, ಪೆನಾಂಗಿನಲ್ಲಿ. ದುಡ್ಡು ಕೊಟ್ಟು ಬಂದಿದ್ದೇವೆ ಅಂತ ಬೆಳಗ್ಗೆ ಬೆಟ್ಟದ ರೈಲು, ಮಧ್ಯಾಹ್ನ ಕೆಕ್ ಲೋಕ್ ಸಿ ದೇವಸ್ಥಾನ. ಸಂಜೆ ಊಟದ ಹಾಲಿನ ಬಾಗಿಲಲ್ಲಿ ಮಗಳು ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು ಕಾರ್ಪೆಟ್ಟಿನ ಮೇಲೆ ಅಂಗಾತ ಬಿದ್ದು ಅಳುತ್ತಿದ್ದಳು, ಸೂಟು ಹಾಕಿದ ಜನ ಅವಳನ್ನು ದಾಟಿ ದಾಟಿ ಹೋಗುತ್ತಿದ್ದರು. ನಾವೂ ಊಟ ಬಿಟ್ಟು ಕೋಣೆಗೆ ಬಂದು ಅವಲಕ್ಕಿ ತಿಂದೆವು. ಮುಂದಿನ ಬಂದರಿನಲ್ಲಿ ಎರಡೇ ಗಂಟೆ ಸುತ್ತಿ ವಾಪಸ್ ಬಂದೆವು. ಖಾಲಿ ಹಡಗಿನಲ್ಲಿ ಮಕ್ಕಳಿಗೆ ಜಾರುಬಂಡಿ ಪೂರ್ತಿ ಅವರದೇ.

ಡಯಾಪರ್ ಬಿಡದ ಮಗುವನ್ನು ಸಾಮಾನ್ಯವಾಗಿ ಈಜುಕೊಳಕ್ಕೆ ಇಳಿಸಲು ಬಿಡುವುದಿಲ್ಲ, ಈಜುವ ಡಯಾಪರ್ ಹಾಕಿದರೂ ಇಲ್ಲ. ಕೂಸುಗಳಿಗೇ ಬೇರೆ ನೀರಾಟದ ಜಾಗ ಇದೆಯಾ ಅಂತ ಮೊದಲೇ ಕೇಳಿ. ಮಕ್ಕಳ ಕ್ಲಬ್ಬಿಗೂ ಹೆಚ್ಚಾಗಿ ಮೂರು ವರ್ಷ ಆಗಿರಬೇಕು, ಸಂಡಾಸಿಗೆ ತಾನೇ ಹೇಳುವಂತಿರಬೇಕು.

ಬಂದರಿಗೆ ಇಳಿಯುವ ದಿನ ಗಡಿಯಾರದ ಬಗ್ಗೆ ಹುಷಾರು. ಥಾಯ್ಲೆಂಡ್ ಸಮಯ ಸಿಂಗಪುರಕ್ಕಿಂತ ಒಂದು ಗಂಟೆ ಹಿಂದೆ. ಹಡಗು ಸಿಂಗಪುರದ ಸಮಯದಲ್ಲೇ ನಡೆಯುತ್ತಿದ್ದು, ನಿಮ್ಮ ಫೋನ್ ತಾನಾಗಿ ಥಾಯ್ ಸಮಯಕ್ಕೆ ಹೋದರೆ ಒಂದು ಗಂಟೆ ತಡವಾಗಿ ಬಂದು ಹಡಗಿನ ಬೆನ್ನು ನೋಡುತ್ತೀರಿ. ಕೈಗೊಂದು ಮಾಮೂಲಿ ವಾಚು ಕಟ್ಟಿ, ಹಡಗಿನ ಸಮಯಕ್ಕೆ ಇಡಿ. ಫೋನನ್ನು ಏರೋಪ್ಲೇನ್ ಮೋಡಿಗೇ ಹಾಕಿ. ನಡುಗಡಲಲ್ಲಿ ಹಡಗಿನ ಸ್ಯಾಟಲೈಟ್ ನೆಟ್‌ವರ್ಕ್ ತಾನಾಗಿ ಹಿಡಿದುಕೊಂಡರೆ ಬಿಲ್ಲು ನೋಡಿ ತಲೆ ತಿರುಗುತ್ತದೆ.

ಹುಷಾರು ತಪ್ಪಿದರೆ

ತಲೆ ಸುತ್ತಿದ ಮಗುವನ್ನು ಗಾಳಿ ಬರುವ ಕಡೆ ಕೂರಿಸಿ, ದೂರದ ದಿಗಂತ ತೋರಿಸಿ, ಮೊಬೈಲ್ ಕಸಿದುಕೊಳ್ಳಿ, ಒಣ ಬಿಸ್ಕತ್ತು ಕೊಡಿ. ಮನೆಯಲ್ಲಿರುವ ಅವೋಮಿನ್ ಮಾತ್ರೆಯನ್ನು ಮುರಿದು ಕೊಡುವ ಕೆಲಸ ಬೇಡ. ಅದರಲ್ಲಿರುವ ಪ್ರೊಮೆಥಜಿನ್ ಎರಡು ವರ್ಷದೊಳಗಿನವರಿಗೆ ಕೊಡಲೇಬಾರದು. ದೊಡ್ಡ ಮಕ್ಕಳಿಗೂ ಹೊರಡುವ ಮುಂಚೆ ನಿಮ್ಮ ಡಾಕ್ಟರನ್ನು ಕೇಳಿಯೇ ಒಯ್ಯಿರಿ. ಹಡಗಿನಲ್ಲಿ ವಾಂತಿ ಭೇದಿ ಹರಡುವ ನೊರೊವೈರಸ್ ಸ್ಯಾನಿಟೈಸರಿಗೆ ಅಷ್ಟಾಗಿ ಬಗ್ಗುವುದಿಲ್ಲ, ಸೋಪು ನೀರೇ ಬೇಕು. ಹಡಗಿನ ಡಾಕ್ಟರ್ ಫೀಸು ದುಬಾರಿ, ವಿಮೆ ಇಲ್ಲದೆ ಹೊರಡಬೇಡಿ.

ಕೊನೆಯ ರಾತ್ರಿ

ಇಳಿಯುವ ಹಿಂದಿನ ರಾತ್ರಿ ಸೂಟ್‌ಕೇಸಿಗೆ ಚೀಟಿ ಕಟ್ಟಿ ಬಾಗಿಲ ಹೊರಗಿಡಬೇಕು, ಅವರು ರಾತ್ರಿಯೇ ಒಯ್ಯುತ್ತಾರೆ. ಬೆಳಗ್ಗೆ ಹಾಕುವ ಬಟ್ಟೆ ತೆಗೆದಿಟ್ಟುಕೊಂಡಿದ್ದೀರಾ ಅಂತ ಎರಡು ಸಲ ನೋಡಿ. ನಮ್ಮ ಮನೆಯವರು ಬಲು ಶಿಸ್ತಿನಿಂದ ಎಲ್ಲ ತುಂಬಿ ಹೊರಗಿಟ್ಟರು. ಮಗನ ಚಡ್ಡಿಗಳೂ ಅದರಲ್ಲೇ ಹೋದವು. ಸಿಂಗಪುರದ ಇಮಿಗ್ರೇಷನ್ ಸಾಲಿನಲ್ಲಿ ಅವನು ನನ್ನ ಶಾಲು ಪಂಚೆಯ ಹಾಗೆ ಸುತ್ತಿಕೊಂಡು, ಶಾಸ್ತ್ರಿಗಳ ಗತ್ತಿನಲ್ಲಿ ನಿಂತಿದ್ದ.