ಕ್ರೊಯೇಷಿಯನ್ ವ್ಯಾಕರಣ: ಕನ್ನಡ ಹಿಡಿದುಕೊಂಡೇ ಕಲಿತೆ

ಕ್ರೊಯೇಷಿಯನ್ ಕಲಿಯಲು ಹೊರಟವರನ್ನು ಮೊದಲು ಹೆದರಿಸುವುದು ಅದರ ಏಳು ವಿಭಕ್ತಿಗಳು. ಇಂಗ್ಲಿಷಿನವರಿಗೆ ಅದು ನಿಜಕ್ಕೂ ಹೊಸದು. ನಮಗೆ ಹಾಗಲ್ಲ. ಉ, ಅನ್ನು, ಇಂದ, ಗೆ ಅಂತ ಶಾಲೆಯಲ್ಲೇ ಬಾಯಿಪಾಠ ಮಾಡಿದವರು ನಾವು. ಕೆಲಸಕ್ಕೆಂದು ಕ್ರೊಯೇಷಿಯಾದ ರಾಜಧಾನಿ ಜಾಗ್ರೆಬ್‌ಗೆ ಬಂದ ಮೇಲೆ ನನಗೆ ಸಿಕ್ಕ ಪಾಠಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಪ್ರತಿ ವಾಕ್ಯದ ಪಕ್ಕದಲ್ಲೂ ಕನ್ನಡ ವಾಕ್ಯ ಬರೆದುಕೊಳ್ಳುತ್ತಾ ಹೋದೆ. ಅಲ್ಲಿಂದ ಕಲಿಕೆ ಹಗುರವಾಯಿತು.

ಅಕ್ಷರಗಳಿಗೆ ಜಾಸ್ತಿ ಹೊತ್ತು ಬೇಕಾಗಲಿಲ್ಲ. ಒಟ್ಟು 30. ಬರೆದ ಹಾಗೇ ಓದುವುದು, ನಮ್ಮ ಹಾಗೆ. 'ತ್ರ್‌ಗ್' ಅಂದರೆ ಊರಿನ ಚೌಕ, 'ಕ್ರ್‌ಕ್' ಒಂದು ದ್ವೀಪ. ಎರಡರಲ್ಲೂ ರಕಾರವೇ ಸ್ವರದ ಕೆಲಸ ಮಾಡುತ್ತದೆ. ಋ ಅನ್ನು ಸ್ವರಗಳ ಸಾಲಿನಲ್ಲಿ ಓದಿದವರಿಗೆ ಇದು ವಿಚಿತ್ರ ಅನ್ನಿಸುವುದಿಲ್ಲ, ಅಲ್ವಾ?

ವಿಭಕ್ತಿಗಳ ಪಟ್ಟಿಯನ್ನು ನಾನು ಉರು ಹೊಡೆಯಲಿಲ್ಲ. ದಿನಾ ಬೇಕಾಗುವ ಮಾತಿನಿಂದ ಶುರು ಮಾಡಿದೆ. ಕಾಫಿಗೆ 'ಕಾವಾ'. ಕಾಫಿ ಕುಡಿಯುತ್ತೇನೆ ಅನ್ನಲು 'ಪಿಯೆಮ್ ಕಾವು'. ನೀರು 'ವೊದಾ', ಕುಡಿಯುವಾಗ 'ವೊದು'. ಇದು ನಮ್ಮ ದ್ವಿತೀಯಾ ವಿಭಕ್ತಿ. ಪುಲ್ಲಿಂಗಕ್ಕೆ ಬಂದಾಗ ಮಾತ್ರ ಒಂದು ಸ್ವಾರಸ್ಯವಿದೆ. 'ಗ್ರಾದ್' ಅಂದರೆ ಪಟ್ಟಣ. ಪಟ್ಟಣ ನೋಡುತ್ತೇನೆ ಅನ್ನಲು 'ವಿದಿಮ್ ಗ್ರಾದ್', ಏನೂ ಬದಲಾಗಲಿಲ್ಲ. 'ಬ್ರಾತ್' ಅಂದರೆ ಅಣ್ಣ ಅಥವಾ ತಮ್ಮ. ಅಲ್ಲಿ 'ವಿದಿಮ್ ಬ್ರಾತಾ' ಅನ್ನಲೇಬೇಕು. ಜೀವ ಇರುವುದಕ್ಕೆ ಪ್ರತ್ಯಯ ಬೇಕು, ಇಲ್ಲದ್ದಕ್ಕೆ ಬೇಡ. ಕನ್ನಡದಲ್ಲೂ 'ಊರು ನೋಡಿದೆ' ಸಾಕು, ಆದರೆ 'ಅಣ್ಣ ನೋಡಿದೆ' ಅಂದರೆ ಅರ್ಥವೇ ತಿರುಗಿಬಿಡುತ್ತದೆ. 'ಅಣ್ಣನನ್ನು' ಬೇಕೇ ಬೇಕು. ಎಷ್ಟೋ ಜನ ಒದ್ದಾಡುವ ಈ ನಿಯಮ ನನಗೆ ಆಗಲೇ ಗೊತ್ತಿತ್ತು, ಇದು ನನಗೆ ತುಂಬಾ ಖುಷಿ ಕೊಟ್ಟ ಸಂಗತಿ.

ಜಾಗದ ಮಾತಿಗೆ ಮೂರು ವಾಕ್ಯ ಇಟ್ಟುಕೊಂಡೆ. 'ಇದೆಮ್ ಉ ಜಾಗ್ರೆಬ್', ಜಾಗ್ರೆಬ್‌ಗೆ ಹೋಗುತ್ತೇನೆ. 'ಜಿವಿಮ್ ಉ ಜಾಗ್ರೆಬು', ಜಾಗ್ರೆಬ್‌ನಲ್ಲಿ ಇದ್ದೇನೆ. 'ದೊಲಾಜಿಮ್ ಇಜ್ ಜಾಗ್ರೆಬಾ', ಜಾಗ್ರೆಬ್‌ನಿಂದ ಬರುತ್ತಿದ್ದೇನೆ. ಮೊದಲ ಎರಡರಲ್ಲೂ 'ಉ' ಒಂದೇ. ಹೋಗುವುದೋ ಇರುವುದೋ ಅಂತ ಹೇಳುವುದು ಪದದ ಕೊನೆ. ಕೆಲವು ಕಡೆ ಪದದ ಒಳಗೂ ಬದಲಾವಣೆ ಆಗುತ್ತದೆ. ರಿಯೇಕಾ ಅನ್ನುವ ಊರಿನಲ್ಲಿ ಅನ್ನಲು 'ಉ ರಿಯೇತ್ಸಿ'. ಇಂಥವನ್ನು ಸುಮ್ನೆ ಕೇಳಿ ಕೇಳಿಯೇ ರೂಢಿ ಮಾಡಿಕೊಳ್ಳಬೇಕು. 'ಚಾಯ್ ಬೆಜ್ ಶೆಚೆರಾ', ಸಕ್ಕರೆ ಇಲ್ಲದ ಟೀ, ಇದರಿಂದ ಷಷ್ಠಿ ಬಂತು. ಕರೆಯುವಾಗ ಇವಾನ್ 'ಇವಾನೆ' ಆಗುತ್ತಾನೆ, ಅದು ನಮ್ಮ ಸಂಬೋಧನೆಯೇ.

ಎಣಿಸುವುದಕ್ಕೆ ಮಾತ್ರ ಕನ್ನಡದ ಆಸರೆ ಇಲ್ಲ. ಒಂದು ಕಾಫಿ 'ಯೆದ್ನಾ ಕಾವಾ', ಎರಡು 'ದ್ವಿಯೇ ಕಾವೆ', ಐದು 'ಪೇತ್ ಕಾವಾ'. ಎರಡು, ಮೂರು, ನಾಲ್ಕಕ್ಕೆ ಒಂದು ರೂಪ, ಐದರಿಂದ ಇಪ್ಪತ್ತರವರೆಗೆ ಬೇರೆ. ದೊಲಾತ್ಸ್ ಮಾರುಕಟ್ಟೆಯಲ್ಲಿ ತರಕಾರಿ ಕೊಳ್ಳುತ್ತಾ, ಅಂಗಡಿಯವರ ಮಾತು ಕೇಳುತ್ತಾ ಇದನ್ನು ರೂಢಿಸಿಕೊಂಡೆ.

ಕ್ರಿಯಾಪದ ಮತ್ತೆ ನಮ್ಮ ದಾರಿಗೆ ಬರುತ್ತದೆ. 'ರಾದಿಮ್' ಅಂದರೆ ಸಾಕು, ಕೆಲಸ ಮಾಡುತ್ತೇನೆ ಅಂತ. ನಾನು ಅನ್ನುವುದು ಕೊನೆಯ 'ಮ್'ನಲ್ಲೇ ಇದೆ. ನೀನು, ನೀವು ಇರುವ ಹಾಗೆ 'ತಿ', 'ವಿ' ಇವೆ. ಪರಿಚಯ ಇಲ್ಲದವರಿಗೆ 'ವಿ' ಅನ್ನಿ. ಆದರೆ 'ನಾನು ಭಾರತದವಳು' ಅನ್ನುವಾಗ ಕನ್ನಡದಲ್ಲಿ ಬೇಡದ ಒಂದು ಪುಟ್ಟ ಪದ ಸೇರುತ್ತದೆ. 'ಯಾ ಸಾಮ್ ಇಜ್ ಇಂದಿಯೆ'. ಈ 'ಸಾಮ್' ವಾಕ್ಯದ ಮೊದಲಿಗೆ ಬರುವಂತಿಲ್ಲ. 'ಯಾ' ಬಿಟ್ಟರೆ 'ಇಜ್ ಇಂದಿಯೆ ಸಾಮ್' ಆಗುತ್ತದೆ. ಕಳೆದ ಕಾಲದಲ್ಲಿ 'ನಾನು' ಅಂದರೂ ಲಿಂಗ ಕಾಣುತ್ತದೆ. ಗಂಡಸು 'ರಾದಿಯೊ ಸಾಮ್' ಅಂದರೆ ನಾನು 'ರಾದಿಲಾ ಸಾಮ್' ಅನ್ನಬೇಕು.

ಜಾಸ್ತಿ ಕಾಲ ತೆಗೆದುಕೊಂಡಿದ್ದು ಕ್ರಿಯಾಪದದ ಜೋಡಿಗಳು. 'ಚಿತಾಲಾ ಸಾಮ್' ಅಂದರೆ ಓದುತ್ತಿದ್ದೆ, 'ಪ್ರೊಚಿತಾಲಾ ಸಾಮ್' ಅಂದರೆ ಓದಿ ಮುಗಿಸಿದೆ. ಅರ್ಥದ ವ್ಯತ್ಯಾಸ ನಮಗೆ ಕಷ್ಟವಲ್ಲ. ಆದರೆ ಜೋಡಿ ಯಾವುದು ಅಂತ ಊಹಿಸಲು ಎಲ್ಲಾ ಕಡೆ ನಡೆಯುವ ಒಂದೇ ನಿಯಮ ಇಲ್ಲ. ಹಾಗಾಗಿ ಹೊಸ ಕ್ರಿಯಾಪದ ಸಿಕ್ಕರೆ ಅದೊಂದನ್ನೇ ಬರೆದುಕೊಳ್ಳಬೇಡಿ. ಜೋಡಿಯನ್ನೂ ಹುಡುಕಿ ಪಕ್ಕದಲ್ಲೇ ಬರೆಯಿರಿ: ಬರೆಯುವುದಕ್ಕೆ 'ಪಿಸಾತಿ', 'ನಾಪಿಸಾತಿ'; ಕೊಳ್ಳುವುದಕ್ಕೆ 'ಕುಪೊವಾತಿ', 'ಕುಪಿತಿ'.